ಹಿಕ್ಕೆ ಮೆತ್ತಿದ ಹಲಗೆ

ಹಿಂದೆ ಜಪಾನಿನಲ್ಲಿ ರೇಖಾಗಣಿತದ ಲೆಕ್ಕವನ್ನು ಹಲಗೆಯ ಮೇಲೆ ಬರೆಸಿ, ದೇವಸ್ಥಾನದ ಸೂರಿನಡಿ ಹರಕೆಯಾಗಿ ತೂಗುಹಾಕುವ ರೂಢಿಯಿತ್ತು. ಗಣಿತದ ಮೇಷ್ಟ್ರೊಬ್ಬರು ತಮ್ಮ ಲೆಕ್ಕವನ್ನು ತೂಗುಹಾಕಿಸಲು ಒಂದು ದೇವಸ್ಥಾನಕ್ಕೆ ಬಂದಾಗ ಅಲ್ಲಿ ಒಂದು ಗೇಣು ಜಾಗವೂ ಉಳಿದಿರಲಿಲ್ಲ.

ಮೂಲೆಯ ಹಲಗೆಯೊಂದನ್ನು ಕಂಡು ಅವರು ಮುಖ ಸಿಂಡರಿಸಿದರು. ಅದರ ತುಂಬ ಪಾರಿವಾಳದ ಹಿಕ್ಕೆ ಮೆತ್ತಿತ್ತು. ಬಣ್ಣ ಹುಣ್ಣಿನ ಹಕ್ಕಳೆಯಂತೆ ಎದ್ದಿತ್ತು.

"ಥೂ! ದೇವರ ಎದುರಿಗೆ ಇಂಥ ಹೊಲಸಾ? ಇದನ್ನೇ ಇಳಿಸಿ, ಹೆರೆದು, ನನ್ನ ಲೆಕ್ಕ ಬರಿ."

"ಯಾರೋ ಭಕ್ತಿಯಿಂದ ಕೊಟ್ಟಿದ್ದು ಮೇಷ್ಟ್ರೇ. ಒಂದ್ಸಲ ಒರೆಸಿ ಕೊಡ್ಲಾ, ನೋಡ್ತೀರಾ?" ಎಂದ ದೇವಸ್ಥಾನದ ಬಡಗಿ.

"ಯಾವನೋ ಗಮಾರ ಗೀಚಿದ್ದನ್ನ ನಾನು ನೋಡಬೇಕಾ? ವಾಕರಿಕೆ ಬರುತ್ತೆ. ಹೇಳಿದಷ್ಟು ಮಾಡು."

ಬಡಗಿ ಹಲಗೆಯನ್ನು ಬಿಳಿ ಮರ ಕಾಣುವವರೆಗೆ ಹೆರೆದ. ಹೆರೆದದ್ದೆಲ್ಲ ಒಲೆಗೆ ಹೋಯಿತು. ಆಮೇಲೆ ಮೇಷ್ಟ್ರು ಕೊಟ್ಟ ಚಿತ್ರ ನೋಡಿಕೊಂಡು ಒಂದು ಬೀಸಣಿಗೆ, ಅದರೊಳಗೆ ಒಂದಕ್ಕೊಂದು ತಾಗಿದ ಐದು ವೃತ್ತಗಳನ್ನು ಬರೆದ. ಬರೆಯುತ್ತ ಬರೆಯುತ್ತ ಅವನ ಕೈ ನಿಧಾನವಾಯಿತು.

"ಉತ್ತರ ಎಲ್ಲಿ ಬರೀಲಿ?"

"ಉತ್ತರ ಇಲ್ಲ ಕಣಯ್ಯಾ. ಇಪ್ಪತ್ತು ವರ್ಷದಿಂದ ಒದ್ದಾಡ್ತಿದ್ದೀನಿ, ನನಗೇ ಸಿಕ್ಕಿಲ್ಲ. ಬಿಡಿಸಿದವರು ಯಾರೇ ಆಗಲಿ, ಅವರ ಕಾಲಿಗೆ ಬೀಳ್ತೀನಿ ಅಂತ ಬರಿ."

ಬಡಗಿ ಕುಂಚ ಕೆಳಗಿಟ್ಟು ಒಲೆಯ ಕಡೆ ನೋಡಿದ.

"ಹೆರೆಯೋವಾಗ ಕಂಡಿದ್ದೆ, ಹಳೇದ್ರಲ್ಲೂ ಇದೇ ಬೀಸಣಿಗೆ, ಇದೇ ಐದು ವೃತ್ತ ಇತ್ತು ಮೇಷ್ಟ್ರೇ. ಕೆಳಗೆ ಉತ್ತರಾನೂ ಇತ್ತು."