ಕನ್ನಡ ಆಕ್ಟಿವ್ ಇದೆ

ಗಡಿ ದಾಟಿದರೆ ತಾಯ್ನುಡಿ ನಿಂತುಹೋಗುತ್ತದೆ. ರೋಮಿಂಗ್ ಪ್ಯಾಕ್ ಹಾಕಿಸಿಕೊಂಡರಷ್ಟೇ ಮತ್ತೆ ಬಾಯಿಗೆ ಬರುತ್ತದೆ. ಮಗು ನೋಡಿಕೊಳ್ಳುವ ಕೆಲಸಕ್ಕೆಂದು ಮಸ್ಕತ್‌ಗೆ ಬಂದಿಳಿದ ಗದಗಿನ ನೀಲವ್ವನಿಗೆ ಪ್ಯಾಕ್ ಕಂಪನಿಯವರು ಬೆಂಗಳೂರಿನ ಕನ್ನಡ ಹಾಕಿಬಿಟ್ಟಿದ್ದರು. ಮೂರನೆಯ ಸಲ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಳು.

"ಕನ್ನಡ ಆಕ್ಟಿವ್ ಇದೆಯಲ್ಲ ಮೇಡಂ, ಚೆನ್ನಾಗೇ ಮಾತಾಡ್ತಿದ್ದೀರಾ! ಗದಗಿಂದೇ ಬೇಕಂದ್ರೆ ಎರಡು ತಿಂಗಳು ಕಾಯ್ಬೇಕು."

'ನಿನ್ನ ಬಾಯಾಗ ಮಣ್ಣ ಹಾಕ' ಎಂದು ಬೈಯಲು ಹೋದಳು. "ತುಂಬಾ ಬೇಜಾರಾಯ್ತು ಸರ್" ಎಂದು ಬಂತು.

ಸಿಟ್ಟಿನಲ್ಲೇ ಮನೆಗೆ ಫೋನ್ ಹಚ್ಚಿದಳು. ನಾಲ್ಕು ವರ್ಷದ ಮಗಳು ಚಂಪವ್ವ ಎತ್ತಿಕೊಂಡಳು. 'ಉಂಡ್ಯೇನ ನನ್ನವ್ವಾ' ಎನ್ನಬೇಕಿತ್ತು.

"ಊಟ ಆಯ್ತಾ ಪುಟ್ಟಿ?"

ಮಗಳು ಬಹಳ ಮರ್ಯಾದೆಯಿಂದ ಹೇಳಿದಳು: "ಟೀಚರ್, ನಮ್ಮವ್ವ ಊರಾಗಿಲ್ರಿ. ಬಂದ ಮ್ಯಾಲೆ ಫೋನ್ ಮಾಡ್ರಿ."