ಬಲಗಡೆಯ ಚಿತ್ರ

ಚರ್ಚಿನ ಪ್ರದರ್ಶನದಲ್ಲಿ ಲವಿನಿಯಾ ಜೋಡಿಚಿತ್ರದ ಪೆಟ್ಟಿಗೆಗೆ ಕಣ್ಣು ಹಚ್ಚಿದಳು; ಒಂದೊಂದು ಕಣ್ಣಿಗೆ ಒಂದೊಂದರಂತೆ ಇಟ್ಟ ಎರಡು ಚಿತ್ರ ಅದರೊಳಗೆ ಒಂದಾಗಿ, ಎಲ್ಲವೂ ಎದುರಿಗೇ ಇದ್ದಂತೆ ಕಾಣುತ್ತಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ ಪೆನ್ಸಿಲ್ವೇನಿಯಾದ ರಣರಂಗದಲ್ಲಿ ಬಿದ್ದ ಹೆಣಗಳ ಸಾಲಿನಲ್ಲಿ, ಮುಟ್ಟಿದರೆ ಸಿಗುವಷ್ಟು ಹತ್ತಿರ, ಅವಳ ಮಗ ಕೇಲಬ್ ಮಲಗಿದ್ದ. ಗುಂಡು ತಗುಲಿದ ಕ್ಷಣವೇ ಪ್ರಾಣ ಹೋಯಿತೆಂದು ಪಟಾಲಮ್ಮಿನಿಂದ ಕಾಗದ ಬಂದಿತ್ತು.

"ಈ ಹುಡುಗನ ಕೈ ಯಾಕೆ ಎರಡೆರಡು ಕಾಣ್ತದೆ?" ಎಂದಳು, ತಾನು ಯಾರೆಂದು ಹೇಳದೆ.

"ಗಾಳಿಗೆ ಅಂಗಿತೋಳು ಅಲುಗಿರ್ಬೇಕಮ್ಮ," ಎಂದ ಪಕ್ಕದಲ್ಲಿ ನಿಂತಿದ್ದ ಛಾಯಾಗ್ರಾಹಕ ಏಮ್ಸ್. "ನಂದು ಒಂಟಿಗಣ್ಣಿನ ಕ್ಯಾಮೆರಾ. ಒಂದು ಚಿತ್ರ ತೆಗೆದು, ಕ್ಯಾಮೆರಾನ ಬಲಕ್ಕೆ ಸರಿಸಿ, ಇನ್ನೊಂದು ತೆಗೀಬೇಕು. ನಡುವೆ ಯಾರಾದ್ರೂ ಮಿಸುಕಿದ್ರೆ ಕೆಟ್ಟೋಯ್ತು. ಅದಕ್ಕೇ ಬದುಕಿರೋರಿಗಿಂತ ಸತ್ತೋರೇ ವಾಸಿ."

ಲವಿನಿಯಾ ಚಿತ್ರದ ರಟ್ಟನ್ನು ಪೆಟ್ಟಿಗೆಯಿಂದ ಹೊರಗೆಳೆದಳು. ಎಡಗಡೆಯ ಚಿತ್ರದಲ್ಲಿ ಕೇಲಬನ ಕೈ ಎದೆಯ ಮೇಲಿತ್ತು. ಬಲಗಡೆಯದರಲ್ಲಿ ಅದೇ ಕೈ ಕ್ಯಾಮೆರಾದ ಕಡೆಗೆ ಚಾಚಿತ್ತು.