ಹೆಲ್ಮೆಟ್ಟಿನ ಮೇಲಿನ ಬೊಟ್ಟು

“ನಿಮ್ಮಪ್ಪನ ಹೆಣ ಸಿಗಲಿಲ್ಲ ಅಂತೀಯ. ಹೆಲ್ಮೆಟ್ಟು ಮಾತ್ರ ಹೆಂಗಪ್ಪಾ ಸಿಕ್ತು?”

ಹಬೀಬುಲ್ಲಾ ಕೈಯಲ್ಲಿದ್ದ ಹಳೆಯ ಮಿಲಿಟರಿ ಹೆಲ್ಮೆಟ್ಟಿನಿಂದ ಕಣ್ಣೆತ್ತದೆ ಕೇಳಿದರು. ಎದುರು ಕೂತಿದ್ದ ಕೆಂಪರಾಜ್ ಅವಸರದಲ್ಲೇ ಉತ್ತರಿಸಿದ.

“ಟ್ರಂಕ್ ಜೊತೇಲಿ ಬಂತು ಸಾಬ್ರೇ. ಅಮ್ಮ ಹಂಗೇ ಹೇಳ್ತಿದ್ಲು.”

ಹಬೀಬುಲ್ಲಾ ನಂಬಲಿಲ್ಲ. ಹೊಸಕೋಟೆಯ ಈ ಮನುಷ್ಯ ನಿವೃತ್ತರಾಗುವವರೆಗೂ ಮಿಲಿಟರಿ ಉಗ್ರಾಣದಲ್ಲಿ ಹೆಲ್ಮೆಟ್‌ಗಳಿಗೆ ಪಲ್ಟನ್ನಿನ ಗುರುತು ಬಳಿಸಿದವರು. ಸತ್ತವನ ಮನೆಗೆ ಟ್ರಂಕು ಬರುತ್ತದೆ, ಬಟ್ಟೆಬರೆ ಬರುತ್ತದೆ. ಹೆಲ್ಮೆಟ್ ಸರ್ಕಾರದ ಸೊತ್ತು, ಅದು ಬಂದದ್ದನ್ನು ಅವರು ಕಂಡಿರಲಿಲ್ಲ.

ಚನ್ನರಾಯಪಟ್ಟಣದ ಶಾಲೆಗೆ ಹೊಸ ಕಮಾನು ಎದ್ದಿತ್ತು. ಎಪ್ಪತ್ತೊಂದರ ಯುದ್ಧದಲ್ಲಿ ಮಡಿದ ಸಿಪಾಯಿ ವೆಂಕಟರಮಣಪ್ಪನ ಹೆಸರನ್ನು ಅದಕ್ಕೆ ಇಡಬೇಕೆಂದು ಮಗ ಕೆಂಪರಾಜ್ ಹಟ ಹಿಡಿದಿದ್ದ. ಅಪ್ಪನ ಮುಖ ಕಾಣದವನಿಗೆ ಹೆಸರನ್ನಾದರೂ ದಿನಾ ಕಾಣುವ ಆಸೆ. ಊರಿನ ಕೆಲವರು ಮೂಗು ಮುರಿದರು. ಎಲ್ಲಿಂದಲೋ ಬಂದು ನೆಲೆಸಿದ ಮನೆ, ಅಪ್ಪನ ಕಥೆ ಕಂಡವರು ಯಾರು? ಕೊನೆಗೆ ಶಾಲೆಯ ಸಮಿತಿ, ಹಬೀಬುಲ್ಲಾ ಸಾಬರು ನೋಡಿ ಅಸಲಿ ಎನ್ನಲಿ, ಆಮೇಲೆ ಮಾತು ಎಂದಿತು.

ಕೆಂಪರಾಜನ ಮನೆಯ ಹಜಾರದ ಮೂಲೆಯಲ್ಲಿ, ಅವನು ಮಾವ ಎಂದು ಕರೆಯುವ ಅಪ್ಪಯ್ಯಣ್ಣ ಅವರೆಕಾಯಿ ಸುಲಿಯುತ್ತ ಕೂತಿದ್ದ. ವಿಧವೆ ತಂಗಿಗಾಗಿ, ಅವಳ ಕೂಸಿಗಾಗಿ ಮದುವೆಯನ್ನೇ ಬಿಟ್ಟ ಪುಣ್ಯಾತ್ಮ ಎಂದು ಊರು ಹೊಗಳುತ್ತಿತ್ತು. ಆ ತಂಗಿ, ಕೆಂಪರಾಜನ ತಾಯಿ ಲಕ್ಕಮ್ಮ, ಈಗಿಲ್ಲ.

ಹೆಲ್ಮೆಟ್ಟಿನ ಒಳಗೆ, ಚರ್ಮದ ಪಟ್ಟಿಯಲ್ಲಿ ವೆಂಕಟರಮಣಪ್ಪನ ಸಿಪಾಯಿ ನಂಬರ್ ಇತ್ತು. ನಂಬರ್ ಯಾರು ಬೇಕಾದರೂ ಬರೆದಾರು. ಹಬೀಬುಲ್ಲಾರನ್ನು ಕಾಡಿದ್ದು ಹೊರಗಿನ ಗುರುತು. ಹಸಿರು ಉಕ್ಕಿನ ಮೇಲೆ ಅಂಗೈಯಗಲ ಮೆತ್ತಿದ ಬಿಳಿ ಬಣ್ಣ, ನಡುವೆ ಕೆಂಪು ಬೊಟ್ಟು. ಇಂಥದ್ದು ಯಾವ ಪಲ್ಟನ್ನಿಗೂ ಇರಲಿಲ್ಲ.

“ಇದ್ಯಾವ ಗುರುತಪ್ಪಾ?”

“ಅಪ್ಪನ ಪಲ್ಟನ್‌ದೇ ಇರ್ಬೇಕು ಸಾಬ್ರೇ. ನಾನೇನೂ ಬಳಿದಿಲ್ಲ.”

ಬಳಿದೆಯಾ ಎಂದು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಬೀಬುಲ್ಲಾ ಬಟ್ಟೆಗೆ ಥಿನ್ನರ್ ಸುರಿದು ಉಜ್ಜಿದರು. ಕೆಂಪು ಎದ್ದಿತು, ಅದರಡಿಯ ಬಿಳಿ ಎದ್ದಿತು. ಕೆಳಗೆ ಮತ್ತೆ ಕೆಂಪು, ಮತ್ತೆ ಬಿಳಿ. ಬಟ್ಟೆ ಬದಲಿಸಿದರೂ ಮುಗಿಯಲಿಲ್ಲ.

“ಸುಳ್ಳು ಹೇಳ್ಬೇಡ. ಯಾರು ಬಳಿಯೋದು ಇದನ್ನ?”

ಕೆಂಪರಾಜನ ಮುಖ ಹುಳ್ಳಗಾಯಿತು. “ಮಾವ. ವರ್ಷಾ ವರ್ಷಾ ಆಯುಧಪೂಜೆಗೆ ಬಳೀತಾರೆ. ಸುಣ್ಣ ಕುಂಕುಮ ಉದುರೋಗುತ್ತೆ ಅಂತ ಪೇಂಟು. ಹೇಳಿದ್ರೆ ಎಲ್ಲಾ ಡೂಪ್ಲಿಕೇಟು ಅಂದ್ಬಿಡ್ತೀರ ಅಂತ ಹೆದರ್ಕೊಂಡೆ.”

“ನಿನ್ ಟ್ರ್ಯಾಕ್ಟರ್‌ಗೂ ಅವರೇ ಪೂಜೆ ಮಾಡ್ತಾರಾ?”

“ಇಲ್ಲ. ಓಡ್ಸೋನು ನೀನು, ನೀನೇ ಮಾಡ್ಬೇಕು ಅಂತಾರೆ.”

“ಪಿತೃಪಕ್ಷಕ್ಕೆ ನಿಮ್ಮಪ್ಪನಿಗೆ ಎಡೆ ಇಡ್ತೀಯಲ್ಲ. ಆವಾಗ ಇದನ್ನ ಮುಂದೆ ಇಡ್ತೀಯಾ?”

“ಒಂದ್ಸಲ ಇಟ್ಟಿದ್ದೆ. ಮಾವ ಎತ್ತಿ ಒಳಗಿಟ್ಬಿಟ್ರು. ಅವತ್ತು ಊಟಾನೂ ಮಾಡ್ಲಿಲ್ಲ.”

ಹಬೀಬುಲ್ಲಾ ಉಜ್ಜುವುದನ್ನು ನಿಲ್ಲಿಸಿದರು. ಮೂಲೆಯತ್ತ ಒಮ್ಮೆ ನೋಡಿದರು. ಅಪ್ಪಯ್ಯಣ್ಣ ತಲೆ ಎತ್ತಲಿಲ್ಲ. ಹಬೀಬುಲ್ಲಾರ ಅನುಮಾನವೇನೋ ತೀರಿತ್ತು, ಆದರೆ ತೀರದಿದ್ದರೇ ಚೆನ್ನಾಗಿತ್ತು ಅನ್ನಿಸಿ ಸಂಕಟವಾಯಿತು.

“ಹೆಲ್ಮೆಟ್ಟು ಅಸಲಿ ಕಣಪ್ಪಾ,” ಎಂದರು ಮೆಲ್ಲಗೆ. “ನಿಮ್ಮಪ್ಪಂದೇ. ಸಮಿತಿಯೋರಿಗೆ ನಾನು ಹೇಳ್ತೀನಿ, ಹೆಸರು ಬರೆಸ್ಕೋ.”

ಐವತ್ತು ದಾಟಿದ ಗಂಡಸು ಗಳಗಳ ಅತ್ತುಬಿಟ್ಟ. “ಕೇಳಿಸ್ತಾ ಮಾವಾ? ನಾಳೇನೇ ಪೇಂಟರ್‌ನ ಕರೆಸ್ತೀನಿ!”

ಅಪ್ಪಯ್ಯಣ್ಣ ಮಡಿಲಿನ ಸಿಪ್ಪೆ ಕೊಡವಿ ಎದ್ದು ನಿಂತ.

“ಬೇಡ ಮಗಾ. ಆ ಹೆಲ್ಮೆಟ್ಟು ಹಾಕ್ಕೊಂಡೇ ಯುದ್ಧ ಬಿಟ್ಟು ಓಡಿಬಂದೋನು ನಾನು. ನನ್ನ ಹೆಸರು ಇಸ್ಕೂಲಿಗೆ ಬೇಡ.”